ಹೊರಗೆ ಚೆಲ್ಲದ ಬೆಳಕು

ತಂಗಿಯ ಎರಡೂ ಕಿಡ್ನಿ ಕೈಕೊಟ್ಟಾಗ ಡಾಕ್ಟರು ಕೇಳಿದ್ದರು: "ಯಾವ ಬಾವಿಯ ನೀರು ಕುಡಿಯುದು?" ತಂಗಿ ತೀರಿಕೊಂಡಳು. ಆ ಪ್ರಶ್ನೆ ಮಾತ್ರ ಅವಳ ಮಗಳ ತಲೆಯಲ್ಲಿ ಉಳಿಯಿತು.

ಹುಡುಗಿ ಲ್ಯಾಬಿನಲ್ಲಿ ಬೆಳಕಿನ ಕೆಲಸ ಮಾಡುವವಳು. ಈ ಬೇಸಿಗೆಯಲ್ಲಿ ಸೂಟ್‌ಕೇಸ್ ಹಿಡಿದು ಬಂದವಳು ನನ್ನನ್ನೂ ನರಿಮೊಗರಿನಿಂದ ಕಾರಿಗೆ ಹತ್ತಿಸಿಕೊಂಡು ಪಂಜದ ತನ್ನ ತವರಿಗೆ ಹೊರಟಳು. ಪೆಟ್ಟಿಗೆಯೊಳಗೆ ಉಗುರಿನಷ್ಟು ಅಗಲದ ಒಂದು ಚಿಪ್.

"ಇದರ ಮೈಮೇಲೆ ಕಣ್ಣಿಗೆ ಕಾಣದ ಕಂಬಗಳು ಉಂಟು, ದೊಡ್ಡಮ್ಮ. ಬೆಳಕು ಅಲ್ಲೇ ಸಿಕ್ಕಿ ಒಳಗೇ ಸುತ್ತುದು, ಹೊರಗೆ ಚೆಲ್ಲುದಿಲ್ಲ. ಹಾಗಾಗಿ ತೋಟಕ್ಕೆ ಹೊಡೆಯುವ ಕಳೆಮದ್ದಿನ ಒಂದು ಚೂರು ಮುಟ್ಟಿದ್ರೂ ಆ ಬೆಳಕಿನ ಬಣ್ಣ ಜರುಗ್ತದೆ."

ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ "ಶೈನ್, ಗರ್ಲ್ಸ್, ಶೈನ್" ಎನ್ನುತ್ತಿದ್ದರು. ನನ್ನ ತಂಗಿ ಶೈನ್ ಆಗಲಿಲ್ಲ. ಎಲ್ಲವನ್ನೂ ಒಳಗೇ ಸುತ್ತಿಸಿಕೊಂಡಳು. ಅವಳನ್ನು ಏನು ಮುಟ್ಟಿತೆಂದು ನೋಡುವ ಮೆಷಿನ್ ಆ ಮನೆಯಲ್ಲಿ ಇರಲಿಲ್ಲ.

ತಂಗಿಯ ಗಂಡ ಜಗಲಿಯಲ್ಲಿ ಕೂತು ನಕ್ಕರು. "ಎಂತ ಮಾರಾಯ್ತಿ, ಬಾವಿಗೆ ಎಕ್ಸ್‌ರೇಯಾ? ಟಾರ್ಚ್ ಸಾಲುದಿಲ್ವಾ?"

ಹುಡುಗಿ ಚಿಪ್ಪಿನ ಮೇಲೆ ಬಾವಿಯ ನೀರು ಬಿಟ್ಟಳು. ಬಣ್ಣ ತೋರಿಸುವ ಲ್ಯಾಪ್‌ಟಾಪಿನ ಗೆರೆ ಅಲುಗಲಿಲ್ಲ. ಕೊಟ್ಟಿಗೆಯಲ್ಲಿದ್ದ ಹಳೆಯ ಕಳೆಮದ್ದಿನ ಕ್ಯಾನಿನಿಂದ ಒಂದು ಹನಿಯನ್ನು ಬಕೆಟ್ ನೀರಿಗೆ ಬೆರೆಸಿ ಚಿಪ್ಪಿಗೆ ಬಿಟ್ಟಳು, ಗೆರೆ ಹಾರಿತು. ಮೆಷಿನ್ ಸರಿಯಿತ್ತು.

"ಅಪ್ಪ, ಬಾವಿಗೆ ಎಂತ ಮಾಡಿದ್ರಿ?"

"ಎಂತ ಮಾಡುದು? ನಿನ್ನ ಅಮ್ಮನ ಬೊಜ್ಜದ ಊಟಕ್ಕೆ ನೆಂಟರು ಬರುವ ಮೊದಲು ಪಂಪಿಟ್ಟು ನೀರೆಲ್ಲ ಹೊರಗೆ ಹಾಕಿಸಿದ್ದು. ಕೆಸರು ತೆಗೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದ್ದು. ಸೂತಕದ ನೀರು ಕುಡಿಸ್ಲಿಕ್ಕೆ ಆಗ್ತದಾ?"

ಮದುವೆಯಾದ ಮಗಳಿಗೆ ಮೂರೇ ದಿನದ ಸೂತಕ. ಅದು ಮುಗಿಸಿ ಗಂಡನ ಮನೆಗೆ ಹೋಗಿದ್ದ ಅವಳಿಗೆ ಇದು ಗೊತ್ತೇ ಇರಲಿಲ್ಲ. ಅಮ್ಮ ಕುಡಿದ ನೀರೆಲ್ಲ ಶಾಸ್ತ್ರೋಕ್ತವಾಗಿ ತೋಡಿಗೆ ಹರಿದಿತ್ತು.

"ಆದ್ರೂ ಮೇಲಿನ ನಮ್ಮ ರಬ್ಬರ್ ಗುಡ್ಡೆಯಿಂದ ಮದ್ದು ಮತ್ತೆ ಒಸರ್ಬೇಕಿತ್ತಲ್ಲ?"

"ಹೇಗೆ ಒಸರುದು? ಈ ಸಲ ಮದ್ದು ಹೊಡೆದೇ ಇಲ್ಲ. ಜನ ಇಟ್ಟು ಹುಲ್ಲು ಕೊಯ್ಸಿದ್ದು."

ಅಂದರೆ, ಹಿ ನ್ಯೂ. ಮದ್ದು ಬಾವಿಗೆ ಇಳಿಯುತ್ತದೆಂದು ಗೊತ್ತಿತ್ತು. ನಾನು ಅವರ ಮುಖ ನೋಡಿದೆ. ಅವರು ಅಂಗಳ ನೋಡಿದರು.

"ಯಾಕೆ ಬಿಟ್ಟದ್ದು, ಅಪ್ಪ? ವರ್ಷಾ ವರ್ಷಾ ಹೊಡೀತಾ ಇದ್ರಲ್ಲ?"

"ಊಟಕ್ಕೆ ಹೊತ್ತಾಯ್ತು," ಎಂದು ಎದ್ದು ಕೈತೊಳೆಯಲು ಹೋದರು.

ಅವಳು ಚಿಪ್ಪನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಆಮೇಲೆ ಎಲೆಯ ಮುಂದೆ ಕೂತವಳು ಅನ್ನ ಉಂಡಳು, ಮಜ್ಜಿಗೆ ಉಂಡಳು. ಮೆಷಿನ್ ಚೊಕ್ಕ ಎಂದ ನೀರಿನ ಲೋಟವನ್ನು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ.