ನೀರಿಗೆ ಗುಪ್ಪೆ ಇಲ್ಲ

ಖಾನಾಪುರದ ನಮ್ಮ ಅಕ್ಕನ ಮನೆಯಲ್ಲಿ ಇಂದಿಗೂ ಅಕ್ಕಿಯನ್ನು ಹಿತ್ತಾಳೆಯ ಸೇರಿನಿಂದಲೇ ಅಳೆಯುತ್ತಾರೆ. ಕಂಠದ ಮೇಲೆ ಅಕ್ಕಿ ಗುಪ್ಪೆ ಕಟ್ಟಿ ನಿಲ್ಲಬೇಕು, ಆಗಲೇ ಅದು ಒಂದು ಸೇರು. ಹಾಗೆ ಅಳೆದದ್ದು ಅಂಗಡಿಯ ಲೀಟರ್ ಮಾಪಿಗೆ ಸರಿಹೋಗುತ್ತದೆ ಎಂಬುದು ಅಕ್ಕನ ಅತ್ತೆಯ ಲೆಕ್ಕ. ನಾವೆಲ್ಲ ಅವರನ್ನು ಆಯಿ ಎನ್ನುತ್ತೇವೆ.

ಕಳೆದ ಮಳೆಗಾಲ ನಾನು ಅಲ್ಲಿದ್ದಾಗ ಅಕ್ಕನ ಎಂಟು ತಿಂಗಳ ಮಗನಿಗೆ ಭೇದಿ ಹತ್ತಿತು. ಡಾಕ್ಟರು ಓಆರ್‌ಎಸ್ ಪುಡಿ ಕೊಟ್ಟು, ಪೂರ್ತಿ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಹಾಕಿ ಎಂದಿದ್ದರು. ಆಯಿ ಬೆರೆಸಿ ಕೊಟ್ಟದ್ದನ್ನು ನಾನು ಚಮಚದಿಂದ ಕುಡಿಸುತ್ತಿದ್ದೆ. ಕೂಸು ಮುಖ ಕಿವುಚಿ ತಿರುಗಿಸಿಕೊಂಡಿತು. ತುಟಿ ಒಣಗಿತ್ತು. ಬೆಳಗಿನಿಂದ ಉಚ್ಚೆ ಹೊಯ್ದಿರಲಿಲ್ಲ. ಯಾಕೋ ಒಂದು ಚಮಚ ನಾನೇ ಬಾಯಿಗೆ ಹಾಕಿಕೊಂಡೆ. ಬರೀ ಉಪ್ಪು.

“ಆಯಿ, ನೀರ ಎಷ್ಟ ಹಾಕೀರಿ?”

“ಒಂದ ಸೇರ. ಲೀಟರ್ ಅಂದ್ರ ಅಷ್ಟ ಅಲ್ಲೇನ?”

“ಕಂಠದ ತನಕಾ?”

“ಅಷ್ಟ ಹಾಕಿದ್ರ ತುಳಕತೈತಿ, ಯವ್ವಾ. ಎರಡ ಬೆರಳ ಕೆಳಗ ಹಾಕೀನಿ.”

ಅಕ್ಕಿಗೆ ಗುಪ್ಪೆ ಉಂಟು, ನೀರಿಗೆಲ್ಲಿಯದು? ಅಷ್ಟೇ ನೀರನ್ನು ಸೇರಿಗೆ ಹಾಕಿ ಲೀಟರ್ ಬಾಟಲಿಗೆ ಸುರಿದೆ. ಅರ್ಧ ದಾಟಿ ತುಸು ಮೇಲೆ ನಿಂತಿತು. ಭೇದಿಯಾದ ಕೂಸಿಗೆ ಇಷ್ಟು ಉಪ್ಪು ಹೋದರೆ ಜೀವಕ್ಕೇ ಅಪಾಯ ಎಂದು ಓದಿದ್ದೆ. ಬೆರೆಸಿದ್ದರಲ್ಲಿ ಉಳಿದದ್ದನ್ನು ಚೆಲ್ಲಿ ಡಾಕ್ಟರಿಗೆ ಫೋನು ಮಾಡಿದೆ.

ಬೆಳಗಾವಿಯ ಆಸ್ಪತ್ರೆಗೆ ಹೋಗಲು ಭಾವ ಕಾರು ತೆಗೆದರು. ಡಾಕ್ಟರು ಫೋನಿನಲ್ಲಿ ಹೇಳಿದಂತೆ ಅಕ್ಕ ದಾರಿಯುದ್ದಕ್ಕೂ ಎದೆಹಾಲು ಕೊಡುತ್ತ ಬಂದಳು. ದೇಸೂರು ದಾಟುವಾಗ ಕೂಸು ಕಣ್ಣು ಮುಚ್ಚಿತು. ನಿದ್ದೆಯೋ ಮತ್ತೇನೋ ತಿಳಿಯದೆ ಅಂಗಾಲು ಉಜ್ಜುತ್ತಿದ್ದೆ. ಆ ತಣ್ಣನೆಯ ಅಂಗಾಲು ಈಗಲೂ ಬೆರಳಿಗೆ ತಾಕುತ್ತದೆ. ಪೀರನವಾಡಿಯ ಹತ್ತಿರ ಅಕ್ಕನ ತೋಳು ಸೋತು, ಅವನನ್ನು ನನ್ನ ತೊಡೆಗೆ ತೆಗೆದುಕೊಂಡೆ. ಸೀರೆ ಬೆಚ್ಚಗೆ ಒದ್ದೆಯಾಯಿತು.

“ಉಚ್ಚಿ ಹೊಯ್ದ!” ಎಂದು ಕೂಗಿಬಿಟ್ಟೆ.

ಮುಂದಿನ ಸೀಟಿನಲ್ಲಿದ್ದ ಆಯಿ ಅಳುತ್ತಲೇ ನಕ್ಕರು. “ಹೊಯ್ಯಲಿ ಬಿಡ. ನಿನ್ನ ಸೀರಿ ನಾ ಒಗದ ಕೊಡ್ತೀನಿ.”

ಬೆಳಗಾವಿಯಲ್ಲಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, “ಹೆದರಬ್ಯಾಡ್ರಿ, ಆ ನೀರ ಲಗೂನ ನಿಲ್ಸೀರಿ, ಚಲೋ ಆತು” ಎಂದಾಗಲೇ ಬೆಂಚಿನ ಮೇಲೆ ಕುಳಿತೆ.

ಸೇರು ಈಗಲೂ ಅಕ್ಕಿ ಡಬ್ಬಿಯಲ್ಲೇ ಇದೆ. ನೀರಿಗೆ ಮಾತ್ರ ಲೀಟರ್ ಬಾಟಲಿ. ನಾನು ಹೋದಾಗಲೆಲ್ಲ ಆ ಪೋರ ಸೇರನ್ನು ಹೊರಗೆಳೆದು ನೆಲಕ್ಕೆ ಬಡಿಯುತ್ತಾನೆ. ಮೊದಲ ಸದ್ದಿಗೆ ಬೆಚ್ಚುತ್ತೇನೆ. ಆಮೇಲೆ, ಬಡಿಯಲಿ ಬಿಡು ಅನ್ನಿಸುತ್ತದೆ.