ಮೊದಲು ಬಂದ ಚೀಟಿ

ಫೆಬ್ರವರಿಯಲ್ಲಿ ಜೋಗಕ್ಕೆ ಬಂದವರು ಬರಿಯ ಬಂಡೆ ನೋಡಿ, ಆ ಸಿಟ್ಟನ್ನು ಅನಾನಸ್ ಮಾರುವ ಕೃಪಾವತಿಯ ಮೇಲೆ ತೀರಿಸಿಕೊಳ್ಳುವುದುಂಟು. ಮೇಲೆಲ್ಲೋ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದವಳು ಅವಳೇ ಎಂಬಂತೆ. "ನೀರೇ ಇಲ್ವಲ್ರೀ?" ಎಂದು ಕೇಳಿದವರಿಗೆ ಅವಳು ಹಣ್ಣಿನ ಹೋಳುಗಳಿಗೆ ಉಪ್ಪುಖಾರ ಸವರಿ ಕೊಡುತ್ತ, "ಮಳೆಗಾಲದಲ್ಲಿ ಬನ್ನಿ, ಆವಾಗ ನೀರಿರ್ತದೆ. ಮಂಜು ಮುಸುಕಿ ಕಾಣ್ಸಲ್ಲ ಅಷ್ಟೆ" ಎನ್ನುತ್ತಿದ್ದಳು. ಬಾಯಿ ಜೋರಿನ ಹೆಂಗಸು. ಅಕ್ಕಪಕ್ಕದ ಅಂಗಡಿಯವರು ಅವಳ ತಂಟೆಗೆ ಹೋಗುತ್ತಿರಲಿಲ್ಲ.

ಈ ಸಲದ ಫೆಬ್ರವರಿಯಲ್ಲಿ ಮಾತ್ರ ಆ ಬಾಯಿ ಕಟ್ಟಿಹೋಗಿತ್ತು. ಮನೆಯಲ್ಲಿ ಗಂಡ ಸಾಯುತ್ತಿದ್ದ. ನಾನು ಸಾಯುವುದೇ ಇಲ್ಲ ಎಂದು ಹಠ ಹಿಡಿದು ಸಾಯುತ್ತಿದ್ದ. ಆ ಹಠವನ್ನು ಅವನ ಕೈಗೆ ಕೊಟ್ಟವಳು ತಾನೇ ಎಂಬುದು ಕೃಪಾವತಿಯನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಕೃಪಾವತಿ ಹುಟ್ಟಿ ಬೆಳೆದದ್ದು ಕಾರ್ಗಲ್ಲಿನಲ್ಲಿ. ಅಣೆಕಟ್ಟಿನ ಕೆಲಸಕ್ಕೆಂದು ಬಂದ ಅಜ್ಜ ಅಲ್ಲೇ ಬೇರುಬಿಟ್ಟಿದ್ದ. ತಾಯಿ ಜ್ಞಾನಮ್ಮ ಚರ್ಚಿನ ಸಭೆಯ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುತ್ತಿದ್ದಳು. ಓದಿದ್ದು ನಾಲ್ಕನೇ ಕ್ಲಾಸು, ಆದರೆ ಬೈಬಲ್ಲಿನ ವಾಕ್ಯಗಳು ಅವಳ ನಾಲಿಗೆಯ ಮೇಲಿದ್ದವು. ರುಬ್ಬುವ ಕಲ್ಲಿನ ಮುಂದೆ ಕೂತು ಒಂದು ಸುತ್ತಿಗೆ ಒಂದು ಮಾತಿನಂತೆ ಮಗಳಿಂದ ಕೀರ್ತನೆಗಳನ್ನು ಬಾಯಿಪಾಠ ಮಾಡಿಸಿದ್ದಳು. ತಪ್ಪಿದರೆ ಹಿಟ್ಟಿನ ಕೈಯಲ್ಲೇ ತಲೆಗೊಂದು ಮೊಟಕು. "ಇದು ಕತ್ತಿ ಕಣೆ ಹುಡುಗಿ. ಸೈತಾನ ಬಂದಾಗ ಒರೆಯಲ್ಲಿ ಹುಡುಕ್ತಾ ಕೂರೋಕಾಗಲ್ಲ" ಎನ್ನುತ್ತಿದ್ದಳು.

ಆ ಸಂಡೇ ಸ್ಕೂಲಿನಲ್ಲಿ ವರ್ಷಕ್ಕೊಂದು ಆಟ ಆಡಿಸುತ್ತಿದ್ದರು. ಅಡವಿಯಲ್ಲಿ ಉಪವಾಸವಿದ್ದ ಯೇಸುವನ್ನು ಸೈತಾನ ಆಸೆ ತೋರಿಸಿ ಪರೀಕ್ಷಿಸುವ ಕತೆ. ಯೇಸುವಾಗಲು ಮೆತ್ತಗಿನ ಹುಡುಗರು ಬೇಕಾದಷ್ಟು ಮಂದಿ ಸಿಗುತ್ತಿದ್ದರು. ಸೈತಾನನ ಪಾತ್ರಕ್ಕೆ ಗಂಟಲು ಬೇಕು. ಹಾಗಾಗಿ ಅದು ವರ್ಷವರ್ಷವೂ ಕೃಪಾವತಿಗೇ. ಬೆಂಚಿನ ಮೇಲೆ ಬೆಂಚಿಟ್ಟು ಅದನ್ನು ದೇವಾಲಯದ ಗೋಪುರ ಎಂದುಕೊಂಡು, ಯೇಸುವಾದ ಹುಡುಗನನ್ನು ಮೇಲೆ ಹತ್ತಿಸಿ, ಅವಳು ಕಿವಿ ಕಿವುಡಾಗುವಂತೆ ಕೂಗುತ್ತಿದ್ದಳು: ಧುಮುಕು, ಧುಮುಕು, ನಿನ್ನ ಕಾಲಿಗೆ ಕಲ್ಲು ತಾಗದಂತೆ ದೇವದೂತರು ಎತ್ತಿಕೊಳ್ಳುತ್ತಾರೆ, ಹಾಗಂತ ಬರೆದಿದೆ! ಹುಡುಗ ನಡುಗುತ್ತ ಉತ್ತರ ಕೊಡುತ್ತಿದ್ದ: ದೇವರನ್ನು ಪರೀಕ್ಷೆ ಮಾಡಬಾರದು ಎಂದೂ ಬರೆದಿದೆ. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಸೈತಾನನಿಗೆ.

ಮದುವೆಯಾದದ್ದು ಜೋಗದ ಸಮಾಧಾನನನ್ನು. ಗುತ್ತಿಗೆದಾರರ ಕೈಕೆಳಗೆ ವೆಲ್ಡಿಂಗ್ ಮಾಡುತ್ತಿದ್ದವನು. ಹೆಸರಿಗೆ ತಕ್ಕ ಮನುಷ್ಯ. ಹೆಂಡತಿ ಎರಡು ಜನದ ಮಾತು ಆಡುತ್ತಾಳೆಂದು ತಾನು ಅರ್ಧ ಜನದಷ್ಟು ಮಾತ್ರ ಆಡುತ್ತಿದ್ದ. ಮಗಳು ನವ್ಯಾಳನ್ನು ತೀರ್ಥಹಳ್ಳಿಗೆ ಮದುವೆ ಮಾಡಿ ಕೊಟ್ಟ ಮೇಲೆ ಸಕ್ಕರೆ ಕಾಯಿಲೆ ಅವನ ಕಿಡ್ನಿಗಳನ್ನು ತಿಂದುಹಾಕಿತು. ಅಲ್ಲಿಂದ ಸೋಮವಾರ, ಗುರುವಾರ ಸಾಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಗಿನ ಬಸ್ಸಿಗೆ ಹೋಗಿ, ಮೆಷಿನ್ನಿಗೆ ಕೈ ಒಪ್ಪಿಸಿ ಮಲಗಿ, ಸಂಜೆ ಹಿಂಡಿದ ಬಟ್ಟೆಯ ಹಾಗೆ ವಾಪಸಾಗುತ್ತಿದ್ದ. ಕುಡಿಯುವ ನೀರೂ ಅಳೆದೇ. ಒಂದು ದಿನವೂ ಗೊಣಗಲಿಲ್ಲ. ಅವನು ಗೊಣಗಿದ್ದರೆ ತನಗೆ ಎಷ್ಟೋ ಹಗುರಾಗುತ್ತಿತ್ತು ಎಂದು ಕೃಪಾವತಿಗೆ ಅನ್ನಿಸುತ್ತಿತ್ತು.

ಇನ್ನು ಆ ಚೀಟಿಯ ವಿಷಯ. ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಅವರ ಸಭೆಯಲ್ಲಿ ವಾಗ್ದಾನದ ತಟ್ಟೆ ಬರುತ್ತದೆ. ಸುರುಳಿ ಸುತ್ತಿದ ಪುಟ್ಟ ಚೀಟಿಗಳು, ಒಂದೊಂದರಲ್ಲೂ ಬೈಬಲ್ಲಿನ ಒಂದು ಮಾತು. ಕೈಗೆ ಬಂದದ್ದು ಆ ವರ್ಷಕ್ಕೆ ನಿನಗೆ ದೇವರ ಮಾತು ಎಂದು ಲೆಕ್ಕ. ಈ ಸಲ ಕಾಲು ಊದಿಕೊಂಡು ಸಮಾಧಾನ ಮನೆಯಲ್ಲೇ ಉಳಿದಿದ್ದ. "ಅವರದ್ದೂ ನಾನೇ ತೆಗೀತೀನಿ ಅಯ್ನೋರೆ" ಎಂದು ಕೃಪಾವತಿ ಪಾಸ್ಟರಿಗೆ ಹೇಳಿ ಗಂಡನ ಹೆಸರಲ್ಲಿ ಒಂದು ಸುರುಳಿ ಎತ್ತಿದಳು. ಬಿಚ್ಚಿ ನೋಡಿದರೆ ಅದರಲ್ಲಿ ಮರಣ ಎಂಬ ಪದವಿತ್ತು. ಮುಂದಿನದನ್ನು ಓದದೆಯೇ ಅವಳು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಕಾಯಿಲೆ ಮನುಷ್ಯನ ಕೈಗೆ ವರ್ಷದ ಮೊದಲ ದಿನ ಇಂಥದ್ದನ್ನು ಹೇಗೆ ಕೊಡುವುದು?

ಎಲ್ಲರೂ ಕೇಕು, ಟೀ ಎಂದು ಎದ್ದಾಗ ತಟ್ಟೆ ಮೇಜಿನ ಮೇಲಿತ್ತು. ಅವಳು ಆ ಚೀಟಿಯನ್ನು ಮೊದಲಿದ್ದಂತೆಯೇ ಸುತ್ತಿ ಒಳಗಿಟ್ಟು ಇನ್ನೊಂದು ತೆಗೆದಳು. ಅದು ತೂಕದಲ್ಲಿ ಮೋಸ ಮಾಡಬಾರದು ಎಂಬ ಮಾತು. ಅನಾನಸ್ ಮಾರುವವಳಿಗೇ ಬಂತಲ್ಲ ಎಂದು ಅದನ್ನೂ ವಾಪಸ್ ಹಾಕಿದಳು. ಮೂರನೆಯದು ಬೇಕಾದ್ದೇ ಆಗಿತ್ತು: ಸಾಯುವುದಿಲ್ಲ, ಬದುಕಿ ದೇವರ ಕೆಲಸವನ್ನು ಸಾರುತ್ತೇನೆ. ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಗೆ ಓಡಿದಳು.

ಸಮಾಧಾನ ಅದನ್ನು ಓದಿ ಅತ್ತ. ಮದುವೆಯಾದಂದಿನಿಂದ ಅವನ ಕಣ್ಣಲ್ಲಿ ನೀರು ನೋಡಿರದ ಕೃಪಾವತಿಯೂ ಅತ್ತಳು. ಮಾಡಿದ್ದು ಸರಿಯೇ ಎಂದುಕೊಂಡಳು.

ಜನವರಿ ಹಾಗೇ ಕಳೆಯಿತು. ಆಮೇಲೆ ಸಮಾಧಾನ ಫೋನಿನಲ್ಲಿ ಯಾರೋ ಒಬ್ಬ ಬೋಧಕನ ವಿಡಿಯೋ ಕೇಳತೊಡಗಿದ. ಬಿಳಿ ಸೂಟು, ಹಿಂದೆ ಬಣ್ಣದ ದೀಪ. ಮಾತು ಸಿಕ್ಕಿದವನಿಗೆ ಮದ್ದು ಯಾಕೆ, ಸೂಜಿಗೆ ಕೈ ಕೊಡುವವನು ದೇವರಿಗೆ ಬೆನ್ನು ಕೊಡುತ್ತಾನೆ ಎಂದು ಆತ ಬೊಬ್ಬೆ ಹೊಡೆಯುತ್ತಿದ್ದ. ಒಂದು ಗುರುವಾರ ಬೆಳಿಗ್ಗೆ ಕೃಪಾವತಿ ಬುತ್ತಿ ಕಟ್ಟಿ ಚಪ್ಪಲಿ ಮೆಟ್ಟಿದರೆ ಸಮಾಧಾನ ಕುರ್ಚಿಯಿಂದ ಏಳಲಿಲ್ಲ.

"ಇನ್ನು ಹೋಗಲ್ಲ ಕಣೆ. ಸಾಯಲ್ಲ ಅಂತ ಮಾತು ಸಿಕ್ಕಿದೆಯಲ್ಲ."

ಅವಳು ಬೈದಳು, ಕಾಲು ಹಿಡಿದಳು. ನವ್ಯಾ ಫೋನಿನಲ್ಲಿ ಅತ್ತಳು. ಪಕ್ಕದ ಮನೆಯ ಗುತ್ಯಪ್ಪ ಬಂದು, "ಎಂತ ಮಾರಾಯ, ನಿಮ್ ದೇವ್ರು ಸಾಗರದ ಆಸ್ಪತ್ರೆಗೆ ಬರಲ್ಲ ಅಂದ್ನಾ?" ಎಂದು ಕೇಳಿದ. ಸಮಾಧಾನ ನಕ್ಕ, ಅಷ್ಟೆ. ಹೊಸನಗರಕ್ಕೆ ಹೋಗಿದ್ದ ಪಾಸ್ಟರು ಫೋನಿನಲ್ಲಿ ಎಷ್ಟು ಹೇಳಿದರೂ, "ಚೀಟಿ ನಿಮ್ಮ ತಟ್ಟೆಯಿಂದಲೇ ಬಂದಿದ್ದಲ್ವಾ ಅಯ್ನೋರೆ" ಎಂಬ ಒಂದೇ ಉತ್ತರ.

ಸೋಮವಾರದ ಸರದಿಯೂ ತಪ್ಪಿತು. ಅವನ ಮುಖ ಊದಿಕೊಂಡಿತು, ಮಲಗಿದರೆ ಉಸಿರು ಕಟ್ಟುವುದರಿಂದ ಕೂತೇ ಇರಬೇಕಾಯಿತು. ಕೃಪಾವತಿ ಹಿತ್ತಿಲಿಗೆ ಹೋಗಿ ತಾಯಿ ಕಲಿಸಿದ ವಾಕ್ಯಗಳನ್ನೆಲ್ಲ ಒಂದೊಂದಾಗಿ ಹೇಳಿಕೊಂಡಳು. ಕರ್ತನು ನನ್ನ ಕೋಟೆ ಎಂದಳು, ಕೋಟೆ ಕಾಣಲಿಲ್ಲ. ಬೇಡಿಕೊಳ್ಳಿರಿ ಎಂಬುದನ್ನು ಹೇಳಿ ಬೇಡಿದಳು. ಯಾವ ಮಾತು ಎತ್ತಿದರೂ ಅದರ ಹಿಂದೆಯೇ ಇನ್ನೊಂದು ದನಿ ಬರುತ್ತಿತ್ತು: ನಿನಗೆ ಈ ಮಾತು ಹೇಳುವ ಯೋಗ್ಯತೆ ಇದೆಯೇ? ಆರಿಸಿಕೊಂಡವಳು ನೀನು. ನಿಜ ಹೇಳಿದರೆ ಅವನ ನಂಬಿಕೆ ಮುರಿಯುತ್ತದೆ, ಹೇಳದಿದ್ದರೆ ಉಸಿರು ನಿಲ್ಲುತ್ತದೆ. ಆಯ್ದುಕೋ, ಆಯುವುದರಲ್ಲಿ ನೀನು ಗಟ್ಟಿಗಿತ್ತಿಯಲ್ಲ! ದೇವರೇ, ನನ್ನನ್ನೇ ತೆಗೆದುಕೊಂಡುಬಿಡು ಎಂದು ನೆಲಕ್ಕೆ ಹಣೆ ಚಚ್ಚಿಕೊಂಡಳು.

ಬುಧವಾರ ಮಧ್ಯಾಹ್ನ ಅಂಗಡಿಗೆ ಬಂದದ್ದು ವ್ಯಾಪಾರಕ್ಕಲ್ಲ. ಮನೆಯೊಳಗೆ ಅವನ ಉಸಿರಿನ ಸದ್ದು ಕೇಳಿಸಿಕೊಂಡು ಕೂರಲಾಗಲಿಲ್ಲ, ಅದಕ್ಕೆ. ಹಣ್ಣು ಹೆಚ್ಚುತ್ತಿದ್ದಳು. ಕಾಲೇಜಿನ ಹುಡುಗರ ಗುಂಪೊಂದು ಬಂತು. ಅವರಲ್ಲೊಬ್ಬ ಫೋಟೋ ತೆಗೆಸಿಕೊಳ್ಳಲು ಕಂಬಿ ದಾಟಿ ಆಚೆಯ ಬಂಡೆಯ ಮೇಲೆ ನಿಂತ. ಕೆಳಗೆ ಪಾತಾಳ. ಈಚೆಗಿದ್ದವರು ನಗುತ್ತ, "ಇನ್ನೂ ಮುಂದೆ ಹೋಗೋ, ಏನಾಗಲ್ಲ, ನಾವಿದೀವಿ!" ಎಂದು ಕೂಗುತ್ತಿದ್ದರು.

ಕೃಪಾವತಿ ಚಾಕು ಎಸೆದು ಎದ್ದು ಒದರಿದ ಒದರಿಗೆ ಇಡೀ ಗುಂಪು ತೆಪ್ಪಗಾಯಿತು. "ಬಾರೋ ಈಚೆ! ನಿನ್ನ ಕಾಲು ಮುರೀತೀನಿ, ಬಾ!" ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಕಂಬಿ ಹತ್ತಿ ಈಚೆ ಬಂದ. ಅವಳು ಮಾತ್ರ ನಿಂತಲ್ಲೇ ನಿಂತಳು. ಏನಾಗಲ್ಲ, ಮುಂದೆ ಹೋಗು. ಈ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆಂಚಿನ ಕೆಳಗೆ ನಿಂತು ಗಂಟಲು ಹರಿಯುವಂತೆ ಕೂಗಿದವಳು ಅವಳೇ. ಬಿಳಿ ಸೂಟಿನವನು ಫೋನಿನಲ್ಲಿ ಹೇಳುತ್ತಿದ್ದದ್ದೂ ಅದನ್ನೇ. ಆದರೆ ಗಂಡನನ್ನು ಆ ಗೋಪುರಕ್ಕೆ ಹತ್ತಿಸಿದವನು ಬಿಳಿ ಸೂಟಿನವನಲ್ಲ. ಸಾಯಲ್ಲ ಅಂತ ಬರೆದಿದೆ ನೋಡಿ ಎಂದು ಹೊಸ ವರ್ಷದ ದಿನ ಚೀಟಿ ಹಿಡಿದು ಓಡಿದವಳು ತಾನು. ದೊಡ್ಡವಳಾದ ಮೇಲೂ ಅದೇ ಪಾತ್ರ.

ಹೆಚ್ಚಿದ ಹಣ್ಣು ಹಾಗೇ ಬಿಟ್ಟು ಅವಳು ಮನೆಯ ದಾರಿ ಹಿಡಿದಳು. ಓಡುತ್ತಲೇ ಗುತ್ಯಪ್ಪನ ಅಂಗಳದಲ್ಲಿ ನಿಂತು, "ಅಣ್ಣ, ಓಮ್ನಿ ತೆಗೀರಿ" ಎಂದಳು.

"ಬರ್ತಾನಂತಾ?"

"ಗೊತ್ತಿಲ್ಲ. ನೀವು ತೆಗೀರಿ."

ಸಮಾಧಾನ ಕುರ್ಚಿಯಲ್ಲಿ ದಿಂಬಿಗೆ ಒರಗಿ ಬಾಯಲ್ಲಿ ಉಸಿರೆಳೆಯುತ್ತಿದ್ದ. ತೊಡೆಯ ಮೇಲೆ ಫೋನು, ಅಂಗಿಯ ಕಿಸೆಯಲ್ಲಿ ಚೀಟಿ. ಅವಳು ಅವನ ಕಾಲ ಬಳಿ ಕೂತಳು.

"ರೀ, ಸಾಗರಕ್ಕೆ ಹೋಗಣ."

"ಮತ್ತೆ ಶುರು ಮಾಡಿದ್ಯಾ? ದೇವ್ರು ಮಾತು ಕೊಟ್ಟಿದಾನೆ ಕೃಪಾ."

"ದೇವ್ರು ಕೊಟ್ಟಿದ್ದಲ್ಲ ಅದು. ನಾನು ಕೊಟ್ಟಿದ್ದು."

ಎಲ್ಲವನ್ನೂ ಹೇಳಿದಳು. ತಟ್ಟೆ, ಕೇಕು, ವಾಪಸ್ ಹಾಕಿದ ಎರಡು ಚೀಟಿಗಳು. ಹೇಳುತ್ತ ಹೇಳುತ್ತ ಅವನ ಮುಖ ನೋಡುವ ಧೈರ್ಯವಾಗದೆ ಊದಿದ ಪಾದಗಳನ್ನೇ ನೋಡುತ್ತಿದ್ದಳು. ದೇವರನ್ನು ಪರೀಕ್ಷಿಸಬಾರದು ಎಂದೂ ಬರೆದಿದೆಯಲ್ಲ ಎಂದು ವಾದ ಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಹೇಳಿಯೂ ಹೇಳಿದಳು. ಆದರೆ ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಕಿಸೆಯ ಚೀಟಿಯನ್ನು ಮುಟ್ಟಿ ನೋಡಿಕೊಂಡು ಕೇಳಿದ: "ಹಂಗಾದ್ರೆ ನಂಗೆ ಎಂತದೂ ಹೇಳ್ಲೇ ಇಲ್ವಾ ಅವ್ನು?"

ಆ ದನಿ ಕೇಳಿ ಕೃಪಾವತಿಯ ಎದೆ ಒಡೆಯಿತು. ಹೆದರಿದ್ದೇ ಆಯಿತು, ಇವನಿಗೆ ಇದ್ದ ಒಂದು ಆಸರೆಯನ್ನೂ ಮುರಿದೆ ಎಂದುಕೊಂಡಳು.

"ಮೊದ್ಲು ಬಂದಿದ್ದು ಎಂತ ಇತ್ತು?" ಅವನೇ ಮತ್ತೆ ಕೇಳಿದ.

"ಬ್ಯಾಡ ರೀ."

"ಹೇಳು."

ಅವಳಿಗೆ ಅದನ್ನು ಪೂರ್ತಿ ಓದಬೇಕಾಗಿರಲಿಲ್ಲ. ಮರಣ ಎಂಬ ಪದವೂ ಅದರ ಪಕ್ಕದ ನೆರಳೂ ಕಂಡಾಗಲೇ ಯಾವ ಮಾತೆಂದು ಗೊತ್ತಾಗಿತ್ತು. ರುಬ್ಬುವ ಕಲ್ಲಿನ ಮುಂದೆ ಮೊಟ್ಟಮೊದಲು ಕಲಿತ ಕೀರ್ತನೆ. "ಕುರುಬನ ಕೀರ್ತನೆದು. ಮರಣದ ನೆರಳಿರೋ ಕಣಿವೇಲಿ ನಡೆದ್ರೂ ಹೆದರಲ್ಲ, ನೀನು ನನ್ನ ಜೊತೆಗಿದ್ದೀ ಅಂತ."

ಸಮಾಧಾನ ಕಣ್ಣು ಮುಚ್ಚಿದ. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು. ಒಂದೊಂದು ಮಾತಿಗೂ ಉಸಿರು ಹುಡುಕುತ್ತ ಹೇಳಿದ:

"ಅವತ್ತಿಂದ ನಾನು ಒಬ್ನೇ ಕೂತಿದೀನಿ ಕಣೆ ಇಲ್ಲಿ. ಸಾಯಲ್ಲ, ಸಾಯಲ್ಲ ಅಂತ ಹೇಳ್ಕೊಂಡು. ಹೆದ್ರಿಕೆ ಆಗ್ತಿತ್ತು. ಹೆದ್ರಿಕೆ ಆಗ್ತದೆ ಅಂದ್ರೆ ನಂಬಿಕೆ ಇಲ್ಲ ಅಂತ ಆಗ್ತದಲ್ಲ, ಅದಕ್ಕೆ ನಿನ್ನ ಹತ್ರನೂ ಹೇಳ್ಲಿಲ್ಲ. ಜೊತೆಗಿರ್ತೀನಿ ಅಂತ ಅವ್ನು ನಂಗೆ ಹೇಳಿದ್ನಲ್ಲೆ. ಅದನ್ನ ಯಾಕೆ ಕಸ್ಕೊಂಡೆ ನೀನು?"

ಅವಳು ಅವನ ಮೊಣಕಾಲಿಗೆ ಮುಖ ಒತ್ತಿ ಗೋಳೋ ಎಂದು ಅತ್ತಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. "ಬೇರೆ ಅಂಗಿ ಕೊಡು. ಇದು ಬೆವರಿದೆ" ಎಂದ.

ಗುತ್ಯಪ್ಪನೂ ಅವಳೂ ಅವನನ್ನು ಎತ್ತಿದಂತೆಯೇ ತಂದು ಓಮ್ನಿಯ ಹಿಂದಿನ ಸೀಟಿನಲ್ಲಿ ಕೂರಿಸಿದರು. ಹೊರಡುವ ಹೊತ್ತಿಗೆ ಅವನ ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಗೆ ಫೋನ್ ಮಾಡಿದ್ದಕ್ಕೆ ಬೇಗ ಕರೆದುಕೊಂಡು ಬನ್ನಿ ಎಂದಿದ್ದರು, ತಡವಾಯಿತು ಎಂದೂ ಅಂದಿದ್ದರು. ತಿರುವಿನಲ್ಲಿ ಗಾಡಿ ವಾಲಿದಾಗಲೆಲ್ಲ ಅವನ ತಲೆ ಅವಳ ಹೆಗಲ ಮೇಲೆ ಬೀಳುತ್ತಿತ್ತು. ಗುತ್ಯಪ್ಪ ಯಾವತ್ತೂ ಓಡಿಸದ ವೇಗದಲ್ಲಿ ಓಡಿಸುತ್ತ, ಕನ್ನಡಿಯಲ್ಲಿ ನೋಡಿ, "ಮಾತಾಡಿಸ್ತಾ ಇರಿ ಕೃಪಕ್ಕ, ನಿದ್ದೆಗೆ ಬಿಡಬ್ಯಾಡಿ" ಎಂದ.

ಅವಳು ಅವನ ಕಿವಿಯ ಹತ್ತಿರ ಬಾಯಿಟ್ಟು ಆ ಕೀರ್ತನೆಯನ್ನು ಮೊದಲಿನಿಂದ ಹೇಳತೊಡಗಿದಳು. ಹಸಿರು ಹುಲ್ಲು ಆಯಿತು, ನೀರಿನ ದಂಡೆ ಆಯಿತು. ಕಣಿವೆಯ ಮಾತು ಬಂದಾಗ ನಾಲಿಗೆ ತಾನಾಗಿಯೇ ಮರಣ ಎಂಬ ಪದವನ್ನು ಹಾರಿಸಿಬಿಟ್ಟಿತು: "ಕಣಿವೇಲಿ ನಡೆದ್ರೂ ಹೆದರಲ್ಲ..."

ಅರ್ಧ ದಾರಿಯ ತಾಳಗುಪ್ಪ ಇನ್ನೂ ದಾಟಿರಲಿಲ್ಲ. ಸಮಾಧಾನ ಅವಳ ಕೈಯನ್ನು ಹಿಚುಕಿದ. ಕಣ್ಣು ತೆರೆಯಲಿಲ್ಲ.

"ಆ ಪದಾನೂ ಹೇಳು," ಎಂದ. "ಬಿಡಬ್ಯಾಡ."

ಕೃಪಾವತಿ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ಸಲ ಆ ಪದವನ್ನೂ ಹೇಳಿದಳು, ಗುತ್ಯಪ್ಪನಿಗೂ ಕೇಳಿಸುವಷ್ಟು ಗಟ್ಟಿಯಾಗಿ.