ಮಾಲವಣದ ಶಿರವಾಳೆ

ಮೀನು ತಿನ್ನದ ಜೈನರಿಗೆ ಮಾಲವಣದಲ್ಲೇನು ಕೆಲಸ ಎಂದು ಕಾಗವಾಡದ ನಮ್ಮ ಓಣಿಯ ಅರ್ಧ ಮಂದಿ ಕೇಳಿದರು. ಕೇಳಲಿ, ಅವರ ಗಂಟೇನು ಹೋಗುತ್ತದೆ? ಹಳೆಯ ಬಂದರು, ಸಮುದ್ರದೊಳಗಿನ ಕೋಟೆ, ಮೀನಿನೂಟ ಅಂತ ಊರೆಲ್ಲ ಅಲ್ಲಿಗೆ ಓಡುತ್ತದೆ. ನಮ್ಮವ್ವ ಹೊರಟದ್ದು ಶಿರವಾಳೆ ಉಣ್ಣಲು. ಅಕ್ಕಿಹಿಟ್ಟಿನ ಶ್ಯಾವಿಗೆ ಒತ್ತಿ, ಬೆಲ್ಲ ಕರಗಿಸಿದ ತೆಂಗಿನ ಹಾಲು ಸುರಿದು ಕೊಡುತ್ತಾರೆ. ಹಿಂದೆ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ತರರ ಹೆಂಡತಿ ಅದನ್ನು ಮಾಡುತ್ತಿದ್ದರು. ಮಾಸ್ತರರು ರಿಟೈರ್ ಆಗಿ ತಮ್ಮೂರು ಮಾಲವಣ ಸೇರಿದ ಮೇಲೆ ಗೆಳತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. "ಕಣ್ಣ ಮುಚ್ಚೂದ್ರಾಗ ಒಮ್ಮೆ ಆಕಿ ಕೈಯಾಗಿಂದು ಉಣಬೇಕ" ಎಂದು ಅವ್ವ ವರ್ಷಗಟ್ಟಲೆ ಅಂದಿದ್ದಳು.

ಅವ್ವನದು ಏಕಭುಕ್ತ ವ್ರತ. ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವ ಮುಂಚೆ. ಕುಳಿತಲ್ಲಿಂದ ಎದ್ದರೆ ಅಲ್ಲಿಗೆ ಊಟ ಮುಗಿಯಿತು. ನೀರು ಕೂಡ ಆ ಒಂದೇ ಸಲ, ಊಟದ ಕೊನೆಗೆ. ಆಮೇಲೆ ಮರುದಿನದವರೆಗೆ ಹನಿ ಮುಟ್ಟುವುದಿಲ್ಲ. ಇದು ನನಗೂ ಗೊತ್ತು, ನಮ್ಮಣ್ಣನಿಗೂ ಗೊತ್ತು.

ಗೊತ್ತಿದ್ದೂ ಆ ಮಹಾರಾಯ ಏನು ಮಾಡಿದ? ಆರಕ್ಕೆ ಬಿಡಬೇಕಾದ ಗಾಡಿಯನ್ನು ಒಂಬತ್ತಕ್ಕೆ ಬಿಟ್ಟ. ಚಿಕ್ಕೋಡಿಯಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧ ಕೇಳಲು ನಿಂತ. ನಿಪ್ಪಾಣಿಯಲ್ಲಿ ಗೆಳೆಯನ ಜೊತೆ ಚಹಾಕ್ಕೆ ನಿಂತ. ಫೋಂಡಾ ಘಾಟಿನಲ್ಲಂತೂ ತಿರುವಿಗೊಂದು ಸೆಲ್ಫಿ! ಹಿಂದಿನ ಸೀಟಿನಲ್ಲಿ ಅವ್ವ, ಮಡಿಲಲ್ಲಿ ಮನೆಯಿಂದ ತಂದ ಅಕ್ಕಿಹಿಟ್ಟಿನ ಡಬ್ಬಿ, ಕಾಲ ಬಳಿ ಸೋಸಿದ ನೀರಿನ ಕ್ಯಾನು. ನಿನ್ನೆ ಮಧ್ಯಾಹ್ನದಿಂದ ಖಾಲಿ ಹೊಟ್ಟೆ. "ಲಗೂ ನಡಿಯೋ ಯಪ್ಪಾ" ಎಂದು ಒಂದೇ ಸಲ ಅಂದಳು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಮಾಲವಣ ಮುಟ್ಟಿದ ಮೇಲಾದರೂ ನೆಟ್ಟಗೆ ಆ ಮನೆಗೆ ಹೋದನೇ? "ಆಮ್ಯಾಲ ದೋಣಿ ಬಂದ್ ಆಗ್ತಾವ, ಮೊದಲ ಕಿಲ್ಲಾ ನೋಡಿ ಬರ್ತೀನಿ" ಎಂದು ನಮ್ಮಿಬ್ಬರನ್ನೂ ದಂಡೆಯಲ್ಲಿ ಕೂರಿಸಿ ಹೋದ. ಒಣಮೀನಿನ ವಾಸನೆಗೆ ಅವ್ವ ಸೆರಗು ಮೂಗಿಗೆ ಹಿಡಿದು ಕುಳಿತಳು. ಅವನು ಬರುವಷ್ಟರಲ್ಲಿ ನಾಲ್ಕು ದಾಟಿತ್ತು.

ಮಾಸ್ತರರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. "ವೈನೀ, ಮುಂಜಾನಿಂದ ದಾರಿ ನೋಡಾಕತ್ತೀನ್ರಿ!" ನಮಗಾಗಿ ಅಂದು ಅವರು ಒಲೆಯ ಮೇಲೆ ಮೀನು ಇಟ್ಟಿರಲಿಲ್ಲ, ಹೊಸ ಪಾತ್ರೆ ತೆಗೆದಿದ್ದರು. ನಮ್ಮ ಹಿಟ್ಟು, ನಮ್ಮ ನೀರು, ಅವರ ಕೈ. ಶ್ಯಾವಿಗೆ ಒತ್ತುತ್ತ ಇಬ್ಬರು ಮುದುಕಿಯರೂ ಬಿದ್ದು ಬಿದ್ದು ನಕ್ಕರು. ಅವ್ವ ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಹೊತ್ತು ಮುಳುಗಲು ಇನ್ನೂ ಅರ್ಧ ತಾಸಿತ್ತು. ಅವ್ವ ತಾಟಿಗೆ ಕೈಮುಗಿದು ಮೊದಲ ತುತ್ತು ಬಾಯಿಗಿಟ್ಟಳು. ನಾನು ನೆಮ್ಮದಿಯಿಂದ ಅಂಗಳಕ್ಕೆ ಬಂದೆ. ಅಲ್ಲಿ ಅಣ್ಣ ನಿಂತಿದ್ದ.

"ನೋಡ, ಟೈಮಿಗೆ ಸರಿಯಾಗಿ ಮುಟ್ಟಿಸೀನಿಲ್ಲೋ? ನೀ ಸುಮ್ಮನ ಕಿರಿಕಿರಿ ಮಾಡಿದಿ" ಎಂದ.

ನನಗೆ ತಡೆಯಲಾಗಲಿಲ್ಲ. "ನಾಚಿಕಿ ಬರಂಗಿಲ್ಲ ನಿನಗ? ಹಡದ ತಾಯಿನ್ನ ಉಪಾಸ ಮೀನಿನ ವಾಸನ್ಯಾಗ ಕುಂಡ್ರಿಸಿ ಕಿಲ್ಲಾ ನೋಡಾಕ ಹೋದಾಂವ!"

"ದಿನಪೂರ್ತಿ ಗಾಡಿ ಹೊಡದಾಂವ ನಾ! ನೀ ಬಾಯಿ ಬಡಕೊಂಡಿ, ಅಷ್ಟ!"

ಅಲ್ಲಿಂದ ಶುರುವಾದದ್ದು ಅಪ್ಪನ ಕೊನೆಗಾಲದಲ್ಲಿ ಯಾರು ಎಷ್ಟು ಮಾಡಿದರು ಎನ್ನುವವರೆಗೆ ಹೋಯಿತು. ರಸ್ತೆಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ನೋಡಲಿ ಎಂದು ನಾನು ಇನ್ನೂ ದನಿ ಏರಿಸಿದೆ.

"ಬಿಡ್ರಲೇ! ಮಂದಿ ಮನಿಯಾಗ ಏನಿದು?"

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಎಂಜಲುಗೈ, ಬೆರಳುಗಳಿಂದ ತೆಂಗಿನ ಹಾಲು ಇಳಿಯುತ್ತಿತ್ತು. ಚಿಕ್ಕಂದಿನಿಂದಲೂ ನಮ್ಮ ಜಗಳ ಬಿಡಿಸಲು ಅವಳು ಹೀಗೇ ಎದ್ದು ಬರುತ್ತಿದ್ದಳು.

ಹಿಂದೆ ಮಾಸ್ತರರ ಹೆಂಡತಿ, ಕೈಯಲ್ಲಿ ಇನ್ನೊಮ್ಮೆ ಬಡಿಸಲು ತಂದ ಪಾತ್ರೆ. "ವೈನೀ, ಎದ್ದ ಬಿಟ್ರಲ್ರೀ" ಎಂದರು. ಆಗಲೇ ನನಗೆ ವ್ರತದ ನೆನಪಾದದ್ದು.

"ಇಲ್ಲಿ ಯಾರ ನೋಡ್ತಾರಬೇ, ಹೋಗಿ ಕುಂಡ್ರ" ಎಂದು ಅಣ್ಣ ಗೋಗರೆದ. ಅವ್ವ ಅವನ ಕಡೆ ನೋಡಲೂ ಇಲ್ಲ. ಗೆಳತಿಯ ಕಡೆ ತಿರುಗಿ, "ಭಾಳ ಚಲೋ ಆಗಿತ್ರಿ" ಎಂದಳು. ಕೈ ತೊಳೆದುಕೊಂಡಳು. ತಾಟಿನಲ್ಲಿ ಮುಕ್ಕಾಲು ಶಿರವಾಳೆ ಹಾಗೇ ಇತ್ತು. ಪಕ್ಕದ ತಂಬಿಗೆಯಲ್ಲಿ ಕಾಗವಾಡದ ನೀರು ತುಂಬಿದ್ದು ತುಂಬಿದಂತೆಯೇ ಇತ್ತು.

ಅಣ್ಣನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ನನ್ನ ಮೇಲಿನದು ಅದಕ್ಕಿಂತ ಹೆಚ್ಚು. ವಾಪಸು ಹೊರಟಾಗ ನಾವಿಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಊರು ದಾಟಿದ ಮೇಲೆ ಹಿಂದಿನ ಸೀಟಿನಿಂದ ಅವ್ವನ ದನಿ ಬಂತು.

"ಈಗ್ಯಾಕ ಸುಮ್ಮಾದ್ರಿ? ಜಗಳಾಡ್ರಿ. ಈಗ ನನ್ನ ಮುಂದ ತಾಟ ಇಲ್ಲ."